ಮೂಳೆ ಮಜ್ಜೆಯ ಪರೀಕ್ಷೆ: ಭಯ ಬೇಡ, ತಡ ಬೇಡ, ಮುಚ್ಚುಮರೆ ಬೇಡ



"ಬೋನ್ ಮ್ಯಾರೋ ಬಯಾಪ್ಸಿ ಮಾಡಿಸಬೇಕು" ಎಂದು ವೈದ್ಯರು ಹೇಳಿದ ದಿನದಿಂದ ಅನೇಕ ಮನೆಗಳಲ್ಲಿ ಊಟ ರುಚಿಸುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಬಯಾಪ್ಸಿ ಎಂಬ ಮಾತು ಕಿವಿಗೆ ಬಿದ್ದೊಡನೆ ಕ್ಯಾನ್ಸರ್ ಎಂದೇ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಅಷ್ಟರಲ್ಲಿ ನೆರೆಹೊರೆಯವರು ಬರುತ್ತಾರೆ. "ಬೆನ್ನುಹುರಿಗೇ ಸೂಜಿ ಹಾಕುತ್ತಾರಂತೆ, ಆಮೇಲೆ ಕಾಲು ಸ್ವಾಧೀನ ತಪ್ಪುತ್ತದಂತೆ" ಎನ್ನುತ್ತಾರೆ ಒಬ್ಬರು. "ಮೂಳೆಯ ಸಾರ ತೆಗೆದರೆ ಮನುಷ್ಯ ಮತ್ತೆ ಮೊದಲಿನಂತಾಗುವುದಿಲ್ಲ" ಎನ್ನುತ್ತಾರೆ ಇನ್ನೊಬ್ಬರು. "ಮೊದಲು ಒಂದು ನವೇನ ಮುಗಿಸಿ, ಆಮೇಲೆ ನೋಡಿದರಾಯಿತು" ಎನ್ನುವವರೂ ಇರುತ್ತಾರೆ. ಎಲ್ಲರೂ ನಮ್ಮ ಹಿತೈಷಿಗಳೇ. ಆದರೆ ಅವರ ಮಾತು ಕೇಳಿ ಪರೀಕ್ಷೆಯನ್ನು ವಾರಗಟ್ಟಲೆ ಮುಂದೂಡಿದರೆ ನಷ್ಟವಾಗುವುದು ರೋಗಿಗೆ ಮಾತ್ರ.

ಕತ್ತಲಲ್ಲಿ ಹಗ್ಗವೂ ಹಾವಿನಂತೆ ಕಾಣುತ್ತದೆ. ಈ ಪರೀಕ್ಷೆ ಏನು, ಅದನ್ನು ಹೇಗೆ ಮಾಡುತ್ತಾರೆ, ಎಷ್ಟು ನೋವಾಗುತ್ತದೆ, ಮನೆಯವರು ಏನು ಮಾಡಬೇಕು, ನಮ್ಮ ವಿಶ್ವಾಸ ಇದಕ್ಕೆ ಏನು ಹೇಳುತ್ತದೆ ಎಂಬುದನ್ನು ಈ ವಾರ ಒಂದೊಂದಾಗಿ ತಿಳಿಯೋಣ. ಇಂದು ನಿಮ್ಮ ಮನೆಗೆ ಇದರ ಅಗತ್ಯ ಇಲ್ಲದಿರಬಹುದು. ನಾಳೆ ನಿಮ್ಮ ಪಕ್ಕದ ಪೀಠದಲ್ಲಿ ಕುಳಿತು ಬಲಿಪೂಜೆಯಲ್ಲಿ ಭಾಗವಹಿಸುವವರಿಗೆ ಬೇಕಾಗಬಹುದು.

ಮಜ್ಜೆ ಎಂದರೇನು?

ಹಬ್ಬದ ದಿನ ಮಟನ್ ಸಾರಿನಲ್ಲಿ ನಲ್ಲಿ ಮೂಳೆ ಸಿಕ್ಕಿದರೆ ಮಕ್ಕಳು ಅದನ್ನು ತಟ್ಟೆಗೆ ಕುಟ್ಟಿ ಒಳಗಿನ ಮೆತ್ತನೆಯ ತಿರುಳನ್ನು ಹೀರುವುದನ್ನು ನೀವು ನೋಡಿದ್ದೀರಿ. ಆ ತಿರುಳೇ ಮಜ್ಜೆ. ನಮ್ಮ ಮೂಳೆಗಳ ಒಳಗೂ ಅಂಥದೇ ಮೆತ್ತನೆಯ ಪದಾರ್ಥವಿದೆ. ದೇಹದ ರಕ್ತಕಣಗಳೆಲ್ಲ ಹುಟ್ಟುವುದು ಅಲ್ಲಿಯೇ.

ಮಜ್ಜೆ ಮುಖ್ಯವಾಗಿ ಮೂರು ಬಗೆಯ ಕಣಗಳನ್ನು ತಯಾರಿಸುತ್ತದೆ. ಕೆಂಪು ರಕ್ತಕಣಗಳು ಉಸಿರಿನ ಆಮ್ಲಜನಕವನ್ನು ದೇಹದ ಮೂಲೆ ಮೂಲೆಗೆ ಒಯ್ಯುತ್ತವೆ. ಬಿಳಿ ರಕ್ತಕಣಗಳು ಸೋಂಕಿನ ವಿರುದ್ಧ ಹೋರಾಡುತ್ತವೆ. ಪ್ಲೇಟ್‌ಲೆಟ್ ಎಂಬ ಪುಟ್ಟ ಕಣಗಳು ಗಾಯವಾದಾಗ ರಕ್ತ ಹೆಪ್ಪುಗಟ್ಟಲು ನೆರವಾಗುತ್ತವೆ. ಒಂದು ಕೆಂಪು ಕಣದ ಆಯುಸ್ಸು ಸುಮಾರು 120 ದಿನ, ಪ್ಲೇಟ್‌ಲೆಟ್‌ನದು ಒಂದು ವಾರದಿಂದ ಹತ್ತು ದಿನ. ಆದ್ದರಿಂದ ಮಜ್ಜೆಗೆ ಒಂದು ದಿನವೂ ಬಿಡುವಿಲ್ಲ. ನಾವು ಮಲಗಿದ್ದಾಗಲೂ, ಪ್ರಾರ್ಥಿಸುವಾಗಲೂ, ಪ್ರಾರ್ಥನೆಯನ್ನು ಮರೆತಾಗಲೂ ಸೃಷ್ಟಿಕರ್ತನು ನಮ್ಮೊಳಗೆ ಇಟ್ಟ ಆ ಕಾರ್ಖಾನೆ ನಡೆಯುತ್ತಲೇ ಇರುತ್ತದೆ.

ತೋಳಿನಿಂದ ರಕ್ತ ತೆಗೆದು ಪರೀಕ್ಷಿಸಿದಾಗ ಯಾವ ಕಣ ಎಷ್ಟಿದೆ ಎಂದು ತಿಳಿಯುತ್ತದೆ. ಅದು ಅಂಗಡಿಗೆ ಬಂದ ಸರಕನ್ನು ಎಣಿಸಿದಂತೆ. ಸರಕು ಏಕೆ ಕಡಿಮೆಯಾಯಿತು, ಅಥವಾ ಏಕೆ ವಿಪರೀತವಾಗಿ ಬರುತ್ತಿದೆ ಎಂದು ತಿಳಿಯಬೇಕಾದರೆ ಕೆಲವೊಮ್ಮೆ ಕಾರ್ಖಾನೆಗೇ ಹೋಗಿ ನೋಡಬೇಕಾಗುತ್ತದೆ. ಮಜ್ಜೆಯ ಪರೀಕ್ಷೆ ಎಂದರೆ ಇಷ್ಟೇ.

ಯಾರಿಗೆ, ಏಕೆ?

ರಕ್ತಹೀನತೆಗೆ ಕಾರಣ ಸಿಗದಿದ್ದಾಗ, ಬಿಳಿ ಕಣ ಇಲ್ಲವೇ ಪ್ಲೇಟ್‌ಲೆಟ್ ಬಹಳ ಇಳಿದಾಗ ಅಥವಾ ಏರಿದಾಗ, ವಾರಗಟ್ಟಲೆ ಬಿಡದ ಜ್ವರಕ್ಕೆ ಮೂಲ ತಿಳಿಯದಿದ್ದಾಗ ವೈದ್ಯರು ಈ ಪರೀಕ್ಷೆ ಹೇಳುತ್ತಾರೆ. ರಕ್ತದ ಕ್ಯಾನ್ಸರ್ ಆದ ಲ್ಯುಕೇಮಿಯಾ, ಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾ, ಮಜ್ಜೆಯಲ್ಲೇ ಹುಟ್ಟುವ ಮೈಲೋಮಾ ಇವುಗಳನ್ನು ಗುರುತಿಸಲು ಇದು ಬೇಕು. ಚಿಕಿತ್ಸೆ ನಡೆಯುತ್ತಿರುವವರಲ್ಲಿ ಔಷಧಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಮತ್ತೆ ಮತ್ತೆ ಮಾಡಬೇಕಾಗಿಯೂ ಬರಬಹುದು.

ಆದರೆ ಪರೀಕ್ಷೆ ಮಾಡಿಸಿಕೊಂಡವರೆಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ. ಮಜ್ಜೆಯಲ್ಲಿ ಕ್ಷಯರೋಗ ಕಾಣಿಸಬಹುದು, ಅದಕ್ಕೆ ಔಷಧಿ ಇದೆ. ಮಜ್ಜೆ ಬತ್ತಿಹೋಗುವ ಅಪ್ಲಾಸ್ಟಿಕ್ ಅನೀಮಿಯಾ ಇರಬಹುದು, ಅದಕ್ಕೂ ಚಿಕಿತ್ಸೆ ಇದೆ. ನಮ್ಮ ದೇಶದಲ್ಲಿ ಮೂರೂ ಬಗೆಯ ಕಣಗಳು ಒಟ್ಟಿಗೆ ಕುಸಿಯಲು ಒಂದು ಸಾಮಾನ್ಯ ಕಾರಣ ಬಿ12 ಎಂಬ ಜೀವಸತ್ವದ ಕೊರತೆ. ಕ್ಯಾನ್ಸರ್ ಎಂದು ಭಯಪಟ್ಟು ಹೋದವರು ಕೆಲವು ಜೀವಸತ್ವದ ಇಂಜೆಕ್ಷನ್ ಬರೆಸಿಕೊಂಡು ಮನೆಗೆ ಮರಳುವುದೂ ಉಂಟು. ಪರೀಕ್ಷೆಗೆ ಹೋಗದೆ ಮನೆಯಲ್ಲೇ ಕುಳಿತವರಿಗೆ ಆ ಬಿಡುಗಡೆ ಸಿಗುವುದಿಲ್ಲ.

ಪ್ರಾರ್ಥನೆಯೋ, ಪರೀಕ್ಷೆಯೋ?

ಹೀಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಧರ್ಮಸಭೆ ಎಂದೂ ಹೇಳಿಲ್ಲ. ವೈದ್ಯನನ್ನು ಗೌರವಿಸಬೇಕು, ಅವನೂ ದೇವರ ಸೃಷ್ಟಿಯೇ, ಔಷಧಿಗಳನ್ನು ಭೂಮಿಯಿಂದ ಹುಟ್ಟಿಸಿದವರೂ ದೇವರೇ ಎಂಬ ಅರ್ಥದ ಬೋಧನೆ ಸಿರಾಖನ ಗ್ರಂಥದ 38ನೇ ಅಧ್ಯಾಯದಲ್ಲಿದೆ. ಅಸ್ವಸ್ಥನಾದವನು ಮೊದಲು ಪ್ರಾರ್ಥಿಸಲಿ, ಬಳಿಕ ವೈದ್ಯನಿಗೂ ಸ್ಥಳ ಕೊಡಲಿ ಎಂದು ಅಲ್ಲಿಯೇ ಓದುತ್ತೇವೆ. ಶುಭಸಂದೇಶ ಬರೆದ ಸಂತ ಲೂಕರನ್ನು ಸಂತ ಪೌಲರು ಪ್ರಿಯ ವೈದ್ಯರೆಂದು ಕರೆದಿದ್ದಾರೆ. ಒಳ್ಳೆಯ ಸಮಾರಿಯದವನು ಗಾಯಾಳುವನ್ನು ಕಂಡು ಮೊದಲು ಎಣ್ಣೆ, ದ್ರಾಕ್ಷಾರಸ ಹಾಕಿ ಗಾಯ ಕಟ್ಟಿದನು. ಆ ಕಾಲಕ್ಕೆ ತಿಳಿದಿದ್ದ ಔಷಧಿ ಅದು.

ನಮ್ಮ ನಾಡಿನಲ್ಲಿಯೇ ನೋಡಿ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್‌ರವರು ಆರಂಭಿಸಿದ ಸೇವೆ ದೊಡ್ಡ ಆಸ್ಪತ್ರೆಯಾಗಿ ಬೆಳೆಯಿತು. 1886ರಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು ಬೆಂಗಳೂರಿನಲ್ಲಿ ಸಂತ ಮಾರ್ಥಾ ಆಸ್ಪತ್ರೆಯನ್ನು ತೆರೆದರು. 1963ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರು ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಪ್ರಾರ್ಥನೆಯಿಂದಲೇ ಎಲ್ಲ ಆಗಲಿ ಎಂದು ಇವರು ಸುಮ್ಮನೆ ಕುಳಿತಿದ್ದರೆ ಈ ಯಾವ ಆಸ್ಪತ್ರೆಯೂ ಇರುತ್ತಿರಲಿಲ್ಲ.

ಆದ್ದರಿಂದ ನವೇನ ಮಾಡಿ, ಖಂಡಿತ ಮಾಡಿ. ಆಸ್ಪತ್ರೆ ಕೊಟ್ಟ ದಿನಾಂಕವನ್ನು ಮಾತ್ರ ಅದಕ್ಕಾಗಿ ಮುಂದೂಡಬೇಡಿ. ಇಟಲಿಯ ಬಾಲಕ ಕಾರ್ಲೊ ಅಕುಟಿಸ್ 2006ರ ಅಕ್ಟೋಬರ್ 12ರಂದು, ತನ್ನ 15ನೇ ವಯಸ್ಸಿನಲ್ಲಿ, ತೀವ್ರವಾದ ಲ್ಯುಕೇಮಿಯಾದಿಂದ ಕೆಲವೇ ದಿನಗಳಲ್ಲಿ ಪ್ರಭುವಿನ ಬಳಿಗೆ ಹೋದನು. ತನ್ನ ನೋವನ್ನು ಜಗದ್ಗುರುಗಳಿಗಾಗಿ, ಧರ್ಮಸಭೆಗಾಗಿ ಅರ್ಪಿಸಿದ ಆ ಬಾಲಕನನ್ನು 2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿಸಲಾಯಿತು. ಅವರಿಗೆ ಬಂದ ಬಗೆಯ ರೋಗದಲ್ಲಿ ಮೊದಲ ಕೆಲವು ದಿನಗಳ ರಕ್ತಸ್ರಾವವೇ ದೊಡ್ಡ ಗಂಡಾಂತರ. ಬೇಗ ಗುರುತಿಸಿ, ಆ ದಿನಗಳನ್ನು ದಾಟಿಸಿ ಚಿಕಿತ್ಸೆ ಕೊಟ್ಟರೆ ಇಂದು ಬಹುಪಾಲು ಜನ ಗುಣಹೊಂದುತ್ತಾರೆ. ಸಂತ ಕಾರ್ಲೊರವರ ಮಧ್ಯಸ್ಥಿಕೆ ಬೇಡುವ ನಾವು ಇದನ್ನೂ ನೆನಪಿಡೋಣ: ರಕ್ತದ ಕೆಲವು ರೋಗಗಳಲ್ಲಿ ಒಂದು ದಿನವೂ ಬಹಳ ದೊಡ್ಡದು.

ಹೋಗುವ ಮೊದಲು

ನೀವು ನುಂಗುತ್ತಿರುವ ಎಲ್ಲ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ರಕ್ತ ತೆಳುವಾಗಲೆಂದು ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ಮೊದಲಾದವುಗಳ ವಿಷಯವನ್ನು ತಪ್ಪದೆ ತಿಳಿಸಿ. ಆದರೆ ನೀವಾಗಿಯೇ ಅವುಗಳನ್ನು ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ನಿಲ್ಲಿಸಿದರೆ ಅಪಾಯವಾಗಬಹುದು. ನಿಲ್ಲಿಸಬೇಕೇ, ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಧರಿಸಲಿ. ನಾಟಿ ಔಷಧಿ, ಕಷಾಯ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಸಂಕೋಚ ಬೇಡ. ಹಿಂದೆ ಹಲ್ಲು ಕೀಳಿಸುವಾಗ ಮರಗಟ್ಟುವ ಇಂಜೆಕ್ಷನ್‌ನಿಂದ ತೊಂದರೆಯಾಗಿತ್ತೇ, ಗಾಯವಾದರೆ ರಕ್ತ ನಿಲ್ಲಲು ತಡವಾಗುತ್ತದೆಯೇ, ಗರ್ಭಿಣಿಯೇ ಎಂಬುದನ್ನೂ ತಿಳಿಸಬೇಕು.

ಸೂಜಿ ಹಾಕುವ ಜಾಗವನ್ನು ಮಾತ್ರ ಮರಗಟ್ಟಿಸಿ ಮಾಡುವುದಾದರೆ ಸಾಮಾನ್ಯವಾಗಿ ಲಘುವಾಗಿ ತಿಂಡಿ ತಿಂದು ಹೋಗಬಹುದು. ನಿದ್ದೆ ಬರುವ ಮದ್ದು ಕೊಡುವುದಾದರೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳುತ್ತಾರೆ. ಯಾವುದೆಂದು ಮೊದಲೇ ಕೇಳಿಕೊಳ್ಳಿ. ತಪಸ್ಸು ಕಾಲದ ಉಪವಾಸದ ದಿನವೇ ಪರೀಕ್ಷೆ ಬಂದರೆ ಮನಸ್ಸಿಗೆ ಕಸಿವಿಸಿ ಬೇಡ, ಅಸ್ವಸ್ಥರನ್ನು ಧರ್ಮಸಭೆ ಉಪವಾಸದ ನಿಯಮಕ್ಕೆ ಕಟ್ಟಿಹಾಕುವುದಿಲ್ಲ.

ಜೊತೆಗೆ ಒಬ್ಬರು ಇರಲೇಬೇಕು. ಸಡಿಲವಾದ ಉಡುಪು ಧರಿಸಿ. ಹಳೆಯ ರಕ್ತಪರೀಕ್ಷೆಯ ಚೀಟಿಗಳು, ಆಧಾರ್, ರೇಷನ್ ಕಾರ್ಡ್ ಕೈಯಲ್ಲಿರಲಿ. ಖರ್ಚಿನ ಚಿಂತೆಯಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅವಕಾಶವಿದೆಯೇ ಎಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರ ವಿಭಾಗದಲ್ಲಿ ವಿಚಾರಿಸಿ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದು ಕೇವಲ ಕಾಗದದ ಕೆಲಸವಲ್ಲ. ಅರ್ಥವಾಗದ ಮಾತಿದ್ದರೆ ಕನ್ನಡದಲ್ಲಿ ಹೇಳಿ ಎಂದು ಕೇಳುವ ಹಕ್ಕು ನಿಮಗಿದೆ. "ಡಾಕ್ಟ್ರೇ, ಇದರಿಂದ ಏನು ತಿಳಿಯಬೇಕೆಂದಿದ್ದೀರಿ? ವರದಿ ಯಾವಾಗ ಬರುತ್ತದೆ? ಯಾರ ಹತ್ತಿರ ಬಂದು ಕೇಳಬೇಕು?" ಈ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಒಳ್ಳೆಯದು.

ಪರೀಕ್ಷೆಯ ಮೇಜಿನ ಮೇಲೆ

ಎಲ್ಲ ಸೇರಿ ಸುಮಾರು ಅರ್ಧ ಗಂಟೆಯ ಕೆಲಸ. ಸೂಜಿ ಒಳಗಿರುವ ಹೊತ್ತು ಅದಕ್ಕಿಂತ ಬಹಳ ಕಡಿಮೆ.

ನಿಮ್ಮನ್ನು ಮಗ್ಗುಲಾಗಿ, ಮೊಣಕಾಲು ಮಡಚಿ ಮಲಗಿಸುತ್ತಾರೆ, ಇಲ್ಲವೇ ಬೋರಲಾಗಿ ಮಲಗಿಸುತ್ತಾರೆ. ಸೂಜಿ ಹಾಕುವುದು ಸೊಂಟದ ಮೂಳೆಯ ಹಿಂಭಾಗಕ್ಕೆ. ಸೊಂಟದ ಕೆಳಗೆ ಹಿಂದುಗಡೆ, ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಕೈಯಿಟ್ಟರೆ ಉಬ್ಬಾಗಿ ತಗಲುವ ಮೂಳೆ ಅದು. ಬೆನ್ನುಹುರಿ ಆ ಮೂಳೆಯೊಳಗೆ ಇಲ್ಲ. ಬೆನ್ನುಮೂಳೆಯ ಸಂದಿಯಲ್ಲಿ ಸೂಜಿ ಹಾಕಿ ನೀರು ತೆಗೆಯುವ ಪರೀಕ್ಷೆಯೇ ಬೇರೆ. ಎರಡನ್ನೂ ಒಂದೇ ಎಂದು ತಿಳಿದು ಜನರು ಹೆದರುತ್ತಾರೆ.

ಮೊದಲು ಆ ಜಾಗವನ್ನು ತಣ್ಣನೆಯ ಔಷಧಿಯಿಂದ ಶುಚಿ ಮಾಡಿ ಬಟ್ಟೆ ಹೊದಿಸುತ್ತಾರೆ. ಆಮೇಲೆ ಸಣ್ಣ ಸೂಜಿಯಿಂದ ಲಿಗ್ನೋಕೇನ್ ಎಂಬ ಮರಗಟ್ಟುವ ಮದ್ದು ಕೊಡುತ್ತಾರೆ. ಇರುವೆ ಕಚ್ಚಿದಂತೆ ಚುರುಕ್ ಎನ್ನುತ್ತದೆ, ಕೆಲವು ಕ್ಷಣ ಉರಿಯುತ್ತದೆ. ಚರ್ಮಕ್ಕೂ ಮೂಳೆಯ ಮೇಲ್ಪದರಕ್ಕೂ ಮದ್ದು ತಗಲಲು ಒಂದೆರಡು ನಿಮಿಷ ಕಾಯುತ್ತಾರೆ. "ಇನ್ನೂ ನೋವು ತಿಳಿಯುತ್ತಿದೆ" ಎನ್ನಿಸಿದರೆ ಆಗಲೇ ಹೇಳಿ, ಸ್ವಲ್ಪ ಹೆಚ್ಚು ಮದ್ದು ಕೊಡಬಹುದು.

ಬಳಿಕ ಮಜ್ಜೆಗಾಗಿ ದಪ್ಪ ಸೂಜಿ ಬರುತ್ತದೆ. ಅದನ್ನು ನೋಡಲೇಬೇಕೆಂದಿಲ್ಲ. ವೈದ್ಯರು ಸೂಜಿಯನ್ನು ತಿರುಗಿಸುತ್ತಾ ಒತ್ತಿದಾಗ ಸೊಂಟದ ಮೇಲೆ ಯಾರೋ ಬಲವಾಗಿ ಹೆಬ್ಬೆರಳು ಊರಿದಂತೆ ಭಾರ ತಿಳಿಯುತ್ತದೆ. ಮುಂದೆ ಎರಡು ಹಂತಗಳಿವೆ.

ಮೊದಲನೆಯದು, ಸಿರಿಂಜಿನಿಂದ ದ್ರವರೂಪದ ಮಜ್ಜೆಯನ್ನು ಎಳೆಯುವುದು. ಕೆಲವು ಮಿಲಿಲೀಟರ್, ಅಂದರೆ ಒಂದೆರಡು ಚಮಚದಷ್ಟು. ನಿಜವಾದ ನೋವು ಇರುವುದು ಇಲ್ಲಿಯೇ. ಮೂಳೆಯ ಹೊರಭಾಗವನ್ನು ಮರಗಟ್ಟಿಸಬಹುದು, ಒಳಭಾಗವನ್ನು ಪೂರ್ತಿ ಮರಗಟ್ಟಿಸಲಾಗುವುದಿಲ್ಲ. ಎಳೆಯುವಾಗ ಸೊಂಟದಿಂದ ತೊಡೆಯವರೆಗೆ ಜಗ್ಗಿದಂಥ ತೀಕ್ಷ್ಣ ನೋವು ಹರಿಯಬಹುದು. ಸಾಮಾನ್ಯವಾಗಿ ಅದು ಕೆಲವೇ ಸೆಕೆಂಡು. ಒಂದು ನಮೋ ಮರಿಯ ಪ್ರಾರ್ಥನೆ ಹೇಳಿ ಮುಗಿಸುವಷ್ಟರಲ್ಲಿ ಅದರ ತೀವ್ರತೆ ಇಳಿದಿರುತ್ತದೆ. ಬೇರೆ ಬೇರೆ ಪರೀಕ್ಷೆಗಳಿಗಾಗಿ ಇನ್ನೊಮ್ಮೆ ಎಳೆಯಬೇಕಾದರೂ ಆಗಬಹುದು. ಉಸಿರು ಬಿಗಿಹಿಡಿಯದೆ ನಿಧಾನವಾಗಿ ಬಾಯಿಂದ ಹೊರಬಿಡಿ.

ಎರಡನೆಯದು, ಟೊಳ್ಳು ಸೂಜಿಯಿಂದ ಮೂಳೆಯ ಒಂದು ಸಣ್ಣ ತುಂಡನ್ನು ತೆಗೆಯುವುದು. ಇದೇ ಬಯಾಪ್ಸಿ. ಪೆನ್ಸಿಲ್ಲಿನೊಳಗಿನ ಕಡ್ಡಿಯಷ್ಟು ದಪ್ಪ, ಒಂದೂವರೆ ಎರಡು ಸೆಂಟಿಮೀಟರ್ ಉದ್ದದ ತುಂಡು. ಜಮ್ಶೀದಿ ಎಂಬ ವೈದ್ಯರ ಹೆಸರಿನ, 1971ರಿಂದ ಬಳಕೆಗೆ ಬಂದ ಸೂಜಿಯ ಮಾದರಿಯನ್ನೇ ಇಂದಿಗೂ ಹೆಚ್ಚಿನ ಕಡೆ ಬಳಸುತ್ತಾರೆ. ಈ ಹಂತದಲ್ಲಿ ಒತ್ತಡವೂ ಅಲುಗಾಡಿಸಿದಂಥ ಅನುಭವವೂ ಹೆಚ್ಚು. ಅಷ್ಟರಲ್ಲಿ "ಆಯ್ತಮ್ಮಾ, ಮುಗೀತು" ಎಂಬ ಮಾತು ಕೇಳುತ್ತದೆ.

ಸೂಜಿ ತೆಗೆದ ಮೇಲೆ ಆ ಜಾಗವನ್ನು ಕೆಲವು ನಿಮಿಷ ಬಲವಾಗಿ ಒತ್ತಿಹಿಡಿದು ಪಟ್ಟಿ ಹಾಕುತ್ತಾರೆ. ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ. ಪ್ಲೇಟ್‌ಲೆಟ್ ಕಡಿಮೆಯಿದ್ದವರನ್ನು ಹೆಚ್ಚು ಹೊತ್ತು ಒತ್ತಿ, ಅಂಗಾತ ಮಲಗಿಸಿ ನೋಡಿಕೊಳ್ಳುತ್ತಾರೆ. ಹೆಚ್ಚಿನವರು ಅಂದೇ ಮನೆಗೆ ಮರಳುತ್ತಾರೆ.

ತೆಗೆದ ಮಜ್ಜೆ ದೇಹಕ್ಕೆ ನಷ್ಟವೇ? ಇಲ್ಲ. ಅಷ್ಟು ಮಜ್ಜೆಯನ್ನು ದೇಹ ತಾನೇ ತುಂಬಿಕೊಳ್ಳುತ್ತದೆ. ಈ ಪರೀಕ್ಷೆಯಿಂದ ರೋಗ ಹರಡುತ್ತದೆ ಎಂಬುದಕ್ಕೂ ಆಧಾರವಿಲ್ಲ. ಇನ್ನು ಅಪಾಯದ ಮಾತು. ಬ್ರಿಟನ್ನಿನಲ್ಲಿ 1995ರಿಂದ 2001ರವರೆಗೆ ನಡೆದ ಸುಮಾರು 55 ಸಾವಿರ ಮಜ್ಜೆ ಪರೀಕ್ಷೆಗಳ ಲೆಕ್ಕ ತೆಗೆದಾಗ ಗಂಭೀರ ತೊಂದರೆಯಾದದ್ದು 26 ಮಂದಿಗೆ. ಅಂದರೆ ಎರಡು ಸಾವಿರಕ್ಕೆ ಒಬ್ಬರಂತೆ. ಅದರಲ್ಲಿ ಮುಖ್ಯವಾದದ್ದು ರಕ್ತಸ್ರಾವ. ಆದ್ದರಿಂದಲೇ ಮಾತ್ರೆಗಳ ವಿಷಯವನ್ನು ಮುಚ್ಚಿಡಬಾರದು ಎಂದದ್ದು.

ಪುಟ್ಟ ಮಕ್ಕಳಿಗೆ ಸಾಮಾನ್ಯವಾಗಿ ನಿದ್ದೆಯ ಮದ್ದು ಅಥವಾ ಪೂರ್ಣ ಅರಿವಳಿಕೆ ಕೊಟ್ಟು ಪರೀಕ್ಷಿಸುತ್ತಾರೆ. "ಎಲ್ಲಿಗೂ ಇಲ್ಲ ಕಂದಾ, ಐಸ್‌ಕ್ರೀಮ್ ತಿನ್ನೋಕೆ" ಎಂದು ಸುಳ್ಳು ಹೇಳಿ ಕರೆದೊಯ್ಯಬೇಡಿ. ಒಮ್ಮೆ ಮೋಸಹೋದ ಮಗು ಮುಂದಿನ ಸಲ ಆಸ್ಪತ್ರೆಯ ಬಾಗಿಲಲ್ಲೇ ಅಳುತ್ತದೆ. "ಡಾಕ್ಟರ್ ನಿದ್ದೆ ಬರಿಸ್ತಾರೆ, ಎದ್ದಾಗ ಸೊಂಟ ಸ್ವಲ್ಪ ನೋಯುತ್ತೆ, ನಾನು ಪಕ್ಕದಲ್ಲೇ ಇರ್ತೀನಿ" ಎಂದರೆ ಸಾಕು.

ನೋವು ತಡೆಯುವುದು ಅಲ್ಪವಿಶ್ವಾಸವೇ?

ನಮ್ಮ ಹಿರಿಯರಲ್ಲಿ ಕೆಲವರು, "ಪ್ರಭು ಯೇಸು ಶಿಲುಬೆಯಲ್ಲಿ ಅಷ್ಟು ನೋವು ತಿಂದರು, ನನಗೆ ಮರಗಟ್ಟುವ ಮದ್ದು ಏಕೆ?" ಎನ್ನುತ್ತಾರೆ. ಅವರ ಭಕ್ತಿ ದೊಡ್ಡದು. ಆದರೆ ನೋವು ಕಳೆಯುವ ಔಷಧಿಯನ್ನು ತಿರಸ್ಕರಿಸಬೇಕಾದ ಕಟ್ಟುಪಾಡು ಕ್ರೈಸ್ತನಿಗೆ ಇಲ್ಲ ಎಂದು ಜಗದ್ಗುರು ಹನ್ನೆರಡನೇ ಪಯಸ್‌ರವರು 1957ರಲ್ಲಿಯೇ ಅರಿವಳಿಕೆ ವೈದ್ಯರಿಗೆ ತಿಳಿಸಿದ್ದರು. ನೋವನ್ನು ಹುಡುಕಿಕೊಂಡು ಹೋಗು ಎಂದು ಪ್ರಭು ಯಾರಿಗೂ ಹೇಳಲಿಲ್ಲ. ತಮ್ಮ ಬಳಿಗೆ ಬಂದ ರೋಗಿಗಳ ನೋವನ್ನು ಅವರು ಕಳೆದರು. ತಾವೇ ಗೆತ್ಸೆಮನಿ ತೋಟದಲ್ಲಿ ಭಯದಿಂದ ಬೆವರಿದರು, ಆ ಪಾತ್ರೆ ತಮ್ಮಿಂದ ದೂರವಾಗಲಿ ಎಂದು ಬೇಡಿದರು, ಮೂವರು ಶಿಷ್ಯರನ್ನು ಹತ್ತಿರವೇ ಇರುವಂತೆ ಕೇಳಿಕೊಂಡರು.

ಇದರಲ್ಲಿ ನಮಗೆ ದೊಡ್ಡ ಸಮಾಧಾನವಿದೆ. ಹೆದರುವುದು ಪಾಪವಲ್ಲ. ಜೊತೆಗಿರಿ ಎಂದು ಕೇಳುವುದು ನಾಚಿಕೆಯಲ್ಲ. ಮರಗಟ್ಟುವ ಮದ್ದನ್ನು ಪಡೆಯಿರಿ. ಮದ್ದಿನ ನಂತರವೂ ಉಳಿಯುವ ಆ ಕೆಲವು ಸೆಕೆಂಡುಗಳ ನೋವನ್ನು, ಪಕ್ಕದ ಹಾಸಿಗೆಯ ರೋಗಿಗಾಗಿ, ಜೊತೆಗೆ ಯಾರೂ ಇಲ್ಲದವರಿಗಾಗಿ ಪ್ರಭುವಿಗೆ ಅರ್ಪಿಸಿ. ಮಗ್ಗುಲಾಗಿ ಮಲಗಿದಾಗ ಜಪಸರವನ್ನು ಕೈಯಲ್ಲಿ ಹಿಡಿದುಕೊಳ್ಳಬಹುದೇ ಎಂದು ಸಿಸ್ಟರನ್ನು ಕೇಳಿ. ಶುಚಿ ಮಾಡಿದ ಜಾಗಕ್ಕೆ ಕೈ ತಾಗಿಸದಿದ್ದರೆ ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ.

ಮನೆಗೆ ಬಂದ ಮೇಲೆ

ಪಟ್ಟಿಯನ್ನು 24 ಗಂಟೆ ಒದ್ದೆ ಮಾಡಬೇಡಿ. ಅಂದು ಗಾಡಿ ಓಡಿಸಬೇಡಿ. ಒಂದೆರಡು ದಿನ ನೀರಿನ ಕೊಡ ಎತ್ತುವುದು, ಹೊಲದ ಕೆಲಸ, ಓಡಾಟ ಬೇಡ. ಸೊಂಟದಲ್ಲಿ ಬಿದ್ದು ಪೆಟ್ಟಾದಂಥ ನೋವು ಎರಡು ಮೂರು ದಿನ, ಕೆಲವರಿಗೆ ಒಂದು ವಾರ ಇರಬಹುದು. ಅದಕ್ಕೆ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ಕೇಳದೆ ನುಂಗಬೇಡಿ, ಅವು ರಕ್ತಸ್ರಾವ ಹೆಚ್ಚಿಸಬಹುದು. ಎಣ್ಣೆ ಹಾಕಿ ತಿಕ್ಕುವುದೂ ಬೇಡ.

ಒತ್ತಿಹಿಡಿದರೂ ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಆ ಜಾಗ ಕೆಂಪಾಗಿ ಊದಿಕೊಂಡರೆ ಅಥವಾ ಕೀವು ಸುರಿದರೆ, ನೋವು ಇಳಿಯುವ ಬದಲು ಏರುತ್ತಾ ಹೋದರೆ, ಕಾಲು ಮರಗಟ್ಟಿದಂತೆ ಇಲ್ಲವೇ ಬಲ ಕುಂದಿದಂತೆ ಅನಿಸಿದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಕಾಯುವ ದಿನಗಳು

ಸೂಜಿಯ ನೋವಿಗಿಂತ ಕಾಯುವ ನೋವು ಹೆಚ್ಚು ಎನ್ನುವವರಿದ್ದಾರೆ. ವರದಿ ಏಕೆ ತಡ ಎಂದು ತಿಳಿದರೆ ಸ್ವಲ್ಪ ಸಮಾಧಾನವಾದೀತು. ದ್ರವ ಮಜ್ಜೆಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅದರ ಉತ್ತರ ಒಂದರಿಂದ ಮೂರು ದಿನಗಳಲ್ಲಿ ಸಿಗಬಹುದು. ಮೂಳೆಯ ತುಂಡು ಗಟ್ಟಿಯಾದ್ದರಿಂದ ಅದರ ಸುಣ್ಣದಂಶವನ್ನು ಕರಗಿಸಿ ಮೃದು ಮಾಡಿ, ಆಮೇಲೆ ತೆಳುವಾಗಿ ಕೊಯ್ಯಬೇಕು. ಅದಕ್ಕೆ ಸುಮಾರು ಒಂದು ವಾರ. ಕಣಗಳೊಳಗಿನ ವರ್ಣತಂತುಗಳ ಪರೀಕ್ಷೆಗೆ ಎರಡು ಮೂರು ವಾರವೂ ಹಿಡಿಯಬಹುದು. ತಡವಾಯಿತು ಎಂದರೆ ಕೆಟ್ಟ ಸುದ್ದಿ ಎಂದಲ್ಲ. ಕೆಲವೊಮ್ಮೆ ಸಾಕಷ್ಟು ಮಜ್ಜೆ ಸಿಕ್ಕಿಲ್ಲವೆಂದು ಮತ್ತೊಮ್ಮೆ ಕರೆಯುತ್ತಾರೆ. ಅದೂ ಕೆಟ್ಟ ಸುದ್ದಿಯಲ್ಲ.

ವರದಿಯ ಕಾಗದ ಕೈಗೆ ಬಂದೊಡನೆ ಮೊಬೈಲಿನಲ್ಲಿ ಒಂದೊಂದು ಪದವನ್ನು ಹುಡುಕುತ್ತಾ ಕುಳಿತರೆ ರಾತ್ರಿಯ ನಿದ್ದೆ ಹಾಳಾಗುತ್ತದೆ. ಅದನ್ನು ರೋಗಿಯನ್ನು ಬಲ್ಲ ವೈದ್ಯರ ಮುಂದಿಟ್ಟು ಅವರ ಬಾಯಿಂದಲೇ ಕೇಳಿ. ಆ ದಿನಗಳಲ್ಲಿ ಮನೆಯ ಸಂಜೆಯ ಜಪಸರ ತಪ್ಪದಿರಲಿ. ರೋಗಿಗೆ ಐದು ರಹಸ್ಯ ಹೇಳುವ ಶಕ್ತಿಯಿಲ್ಲದಿದ್ದರೆ ಒಂದು ಸಾಕು, ಉಳಿದದ್ದನ್ನು ಮನೆಯವರು ಹೇಳಲಿ.

ಯಾರಿಂದ ಮುಚ್ಚಿಡುತ್ತಿದ್ದೇವೆ?

ನಮ್ಮ ಕುಟುಂಬಗಳು ತುಂಬ ಯೋಚಿಸಬೇಕಾದ ವಿಷಯ ಇದು. ಅನೇಕ ಮನೆಗಳಲ್ಲಿ ಪರೀಕ್ಷೆಯ ವಿಷಯ ಮಗನಿಗೆ ಗೊತ್ತು, ಸೊಸೆಗೆ ಗೊತ್ತು, ಊರಲ್ಲಿರುವ ಅಳಿಯನಿಗೆ ಗೊತ್ತು. ಮೇಜಿನ ಮೇಲೆ ಮಲಗಬೇಕಾದ ತಾಯಿಗೆ ಮಾತ್ರ ಗೊತ್ತಿಲ್ಲ. "ಏನಾಗಿದೆ ಹೇಳೋ ಮಗಾ" ಎಂದು ಕೇಳಿದರೆ, "ಏನಿಲ್ಲಮ್ಮ, ಸುಮ್ಮನೆ ಒಂದು ರಕ್ತ ಪರೀಕ್ಷೆ" ಎನ್ನುತ್ತೇವೆ. ಪ್ರೀತಿಯಿಂದಲೇ ಹಾಗೆ ಹೇಳುತ್ತೇವೆ. ಆದರೆ ತಾಯಿಗೆ ತಿಳಿಯದೆ ಹೋಗುತ್ತದೆಯೇ? ಅಡಿಗೆಮನೆಯ ಪಿಸುಮಾತು, ಮಗಳ ಕೆಂಪಾದ ಕಣ್ಣು ಅವರಿಗೆ ಎಲ್ಲವನ್ನೂ ಹೇಳಿರುತ್ತವೆ. ಆಗ ಅವರು ತಮ್ಮ ಭಯವನ್ನು ನಮ್ಮಿಂದ ಮುಚ್ಚಿಡುತ್ತಾರೆ, ನಾವು ನಮ್ಮ ಭಯವನ್ನು ಅವರಿಂದ ಮುಚ್ಚಿಡುತ್ತೇವೆ. ಒಂದೇ ಮನೆಯಲ್ಲಿ ಎಲ್ಲರೂ ಒಂಟಿಯಾಗುತ್ತಾರೆ.

ಸಂತ ಮಾರ್ಕರ ಶುಭಸಂದೇಶದ 5ನೇ ಅಧ್ಯಾಯದ ಆ ಸ್ತ್ರೀಯನ್ನು ನೆನೆಯಿರಿ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದವಳು. ಇದ್ದದ್ದೆಲ್ಲವನ್ನೂ ವೈದ್ಯರಿಗೆ ಸುರಿದು ಕೈ ಖಾಲಿ ಮಾಡಿಕೊಂಡವಳು. ಯಾರಿಗೂ ತಿಳಿಯದಂತೆ ಗುಂಪಿನ ಹಿಂದಿನಿಂದ ಬಂದು ಪ್ರಭುವಿನ ಉಡುಪನ್ನು ಮುಟ್ಟಿದಳು, ಆ ಕ್ಷಣವೇ ಗುಣಹೊಂದಿದಳು. ಅಲ್ಲಿಗೆ ಕಥೆ ಮುಗಿಯಬಹುದಿತ್ತು. ಆದರೆ ಪ್ರಭು ನಿಂತರು, ಮುಟ್ಟಿದವರು ಯಾರೆಂದು ಕೇಳಿದರು. ಆಕೆ ನಡುಗುತ್ತಾ ಮುಂದೆ ಬಂದು ನಡೆದ ಸತ್ಯವನ್ನೆಲ್ಲ ಹೇಳಿಕೊಂಡಳು. ಪ್ರಭು ಆಕೆಯನ್ನು ಮಗಳೇ ಎಂದು ಕರೆದು ಸಮಾಧಾನದಿಂದ ಕಳುಹಿಸಿದರು. ದೇಹದ ರೋಗ ಗುಟ್ಟಾಗಿ ವಾಸಿಯಾಯಿತು. ಮನಸ್ಸಿನ ಸಮಾಧಾನ ಸಿಕ್ಕಿದ್ದು ಸತ್ಯ ಹೇಳಿದ ಮೇಲೆ.

ಹೇಳುವ ರೀತಿ ಕಷ್ಟವೇನಲ್ಲ. ಅಮ್ಮನ ಪಕ್ಕದಲ್ಲಿ ಕುಳಿತು, ಅವಸರವಿಲ್ಲದೆ ಹೀಗೆ ಹೇಳಬಹುದು: "ಅಮ್ಮಾ, ನಿನಗೆ ರಕ್ತ ಯಾಕೆ ಕಡಿಮೆಯಾಗ್ತಿದೆ ಅಂತ ಇನ್ನೂ ಗೊತ್ತಾಗಿಲ್ಲ. ಸೊಂಟದ ಮೂಳೆಯಿಂದ ಸ್ವಲ್ಪ ಮಜ್ಜೆ ತೆಗೆದು ನೋಡ್ತಾರಂತೆ. ಮರಗಟ್ಟೋ ಇಂಜೆಕ್ಷನ್ ಕೊಡ್ತಾರೆ, ಆದ್ರೂ ಸ್ವಲ್ಪ ನೋವಾಗುತ್ತೆ. ನಾನು ಜೊತೆಗಿರ್ತೀನಿ. ವರದಿ ಬಂದಾಗ ಏನಿದ್ರೂ ನಿನಗೆ ಹೇಳ್ತೀನಿ." ಇಷ್ಟರಲ್ಲಿ ಸುಳ್ಳಿಲ್ಲ, ಬೇಡದ ಭಯವೂ ಇಲ್ಲ. ಎಲ್ಲವನ್ನೂ ಒಂದೇ ದಿನ ಹೇಳಬೇಕೆಂದಿಲ್ಲ. "ನಿನಗೆ ಎಷ್ಟು ತಿಳಿಯಬೇಕು ಅನ್ನಿಸುತ್ತೆ?" ಎಂದು ಕೇಳಿ, ಅವರು ಕೇಳಿದಷ್ಟು ಹೇಳಿ. "ನನಗೇನೂ ಹೇಳಬೇಡಪ್ಪಾ, ನೀವೇ ನೋಡಿಕೊಳ್ಳಿ" ಎಂದು ಅವರೇ ಹೇಳಿದರೆ ಅದನ್ನೂ ಗೌರವಿಸಿ. ತೀರ್ಮಾನ ಅವರದಾಗಿರಲಿ.

ಧರ್ಮಕೇಂದ್ರದ ಪಾಲು

ವ್ಯಾಧಿಸ್ಥರ ಅಭ್ಯಂಗ ಸಂಸ್ಕಾರವನ್ನು ಹಿಂದೆ ಅಂತಿಮ ಅಭ್ಯಂಗ ಎನ್ನುತ್ತಿದ್ದುದರಿಂದ ಗುರುಗಳು ತೈಲ ತಂದರೆ ಸಾವು ಬಂತೆಂದೇ ಜನ ಅಂಜುತ್ತಿದ್ದರು. ಇಂದಿಗೂ ಕೆಲವರು ಅಂಜುತ್ತಾರೆ. ಸಾಯುವ ಗಳಿಗೆಯವರಿಗೆ ಮಾತ್ರ ಮೀಸಲಾದ ಸಂಸ್ಕಾರ ಅದಲ್ಲ ಎಂದು ಎರಡನೇ ವ್ಯಾಟಿಕನ್ ಮಹಾಸಭೆ ಸ್ಪಷ್ಟಪಡಿಸಿದೆ. ಸಭೆಯ ಹಿರಿಯರನ್ನು ಕರೆಸಿ ತೈಲ ಹಚ್ಚಿ ಪ್ರಾರ್ಥಿಸಲು ಸಂತ ಯಕೋಬರ ಪತ್ರ ಹೇಳುವುದು ಅಸ್ವಸ್ಥರಿಗಾಗಿ. ಸಣ್ಣದೊಂದು ಪರೀಕ್ಷೆ ಎಂಬ ಮಾತ್ರಕ್ಕೆ ಈ ಸಂಸ್ಕಾರ ಬೇಕಾಗುವುದಿಲ್ಲ. ಆದರೆ ಕಾಯಿಲೆ ಗಂಭೀರವಾಗಿದ್ದರೆ, ಮುಪ್ಪಿನಿಂದ ದೇಹ ಕುಗ್ಗಿದ್ದರೆ, ರೋಗಿಗೆ ಪ್ರಜ್ಞೆ ಚೆನ್ನಾಗಿರುವಾಗಲೇ ಗುರುಗಳಿಗೆ ತಿಳಿಸಿ. ಅವರು ಸೂಕ್ತವಾದುದನ್ನು ಮಾಡುತ್ತಾರೆ. ಪಾಪನಿವೇದನೆ, ಪರಮಪ್ರಸಾದ ಎಲ್ಲ ಅಸ್ವಸ್ಥರಿಗೂ ಬಲ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದಿಂದ ಅಸ್ವಸ್ಥರಿಗೂ ಅವರ ಆರೈಕೆ ಮಾಡುವವರಿಗೂ ವಿನಾಯಿತಿ ಇದೆ.

ಇನ್ನು ನೆರೆಹೊರೆಯವರು. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು, ಕಿರು ಕ್ರೈಸ್ತ ಸಮುದಾಯದವರು ಮೂರು ಕೆಲಸ ಮಾಡಬಹುದು. ಪರೀಕ್ಷೆಯ ದಿನ ಜೊತೆಗೆ ಹೋಗಲು ಯಾರೂ ಇಲ್ಲದವರಿಗೆ ಒಬ್ಬರು ಜೊತೆಯಾಗಬಹುದು. ಅಂದಿನ ರಾತ್ರಿಯ ಊಟವನ್ನು ಒಂದು ಮನೆಯಿಂದ ಕಳುಹಿಸಬಹುದು. ವರದಿ ಬರುವವರೆಗೆ ಬಾಯಿಗೆ ಬೀಗ ಹಾಕಿಕೊಳ್ಳಬಹುದು. ಈ ಮೂರನೆಯದು ಎಲ್ಲಕ್ಕಿಂತ ಕಷ್ಟ. "ಅವರಿಗೆ ಕ್ಯಾನ್ಸರ್ ಅಂತೆ" ಎಂದು ದೇವಾಲಯದ ಅಂಗಳದಲ್ಲಿ ಹುಟ್ಟಿದ ಒಂದು ಮಾತು ಆ ಮನೆಯ ಮಗಳ ಮದುವೆಯ ಮಾತುಕತೆಯವರೆಗೂ ಹೋಗಿ ಮುಟ್ಟುತ್ತದೆ. ರೋಗಿಯನ್ನು ನೋಡಲು ಹೋದಾಗ ಯಾರು ಯಾರು ಸತ್ತರೆಂಬ ಕಥೆ ಬೇಡ. ಹತ್ತು ನಿಮಿಷ ಕುಳಿತು, ಕೈಹಿಡಿದು, ಒಂದು ಪರಲೋಕ ಪ್ರಾರ್ಥನೆ ಹೇಳಿ ಎದ್ದು ಬಂದರೆ ಅದೇ ಔಷಧಿ.

1992ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ವಿಶ್ವ ಅಸ್ವಸ್ಥರ ದಿನವನ್ನು ಸ್ಥಾಪಿಸಿದರು. 1993ರಿಂದ ಪ್ರತಿ ವರ್ಷ ಫೆಬ್ರವರಿ 11ರಂದು, ಲೂರ್ದು ಮಾತೆಯ ಸ್ಮರಣೆಯ ದಿನ ಅದನ್ನು ಆಚರಿಸುತ್ತೇವೆ. ಆ ದಿನ ಪೀಠದ ಮುಂದೆ ಮೇಣದ ಬತ್ತಿ ಹಚ್ಚುವ ನಾವು ಉಳಿದ ದಿನಗಳಲ್ಲಿ ಒಬ್ಬ ರೋಗಿಯೊಂದಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತರೆ ಆ ಬತ್ತಿಗೆ ಅರ್ಥ ಬರುತ್ತದೆ.

ಮನೆಯಲ್ಲಿ ಮಾತನಾಡಿಕೊಳ್ಳಲು

1. ನಮ್ಮ ಮನೆಯಲ್ಲಿ ಯಾರಾದರೂ ವೈದ್ಯರು ಹೇಳಿದ ಪರೀಕ್ಷೆಯನ್ನು ಭಯದಿಂದಲೋ ಖರ್ಚಿನಿಂದಲೋ ಮುಂದೂಡುತ್ತಿದ್ದಾರೆಯೇ? ಅವರಿಗೆ ನಾವು ಹೇಗೆ ನೆರವಾಗಬಹುದು?

2. ನನಗೆ ಗಂಭೀರ ಕಾಯಿಲೆ ಬಂದರೆ ನನಗೆ ಹೇಳಬೇಕೇ, ಬೇಡವೇ? ಆರೋಗ್ಯವಾಗಿರುವಾಗಲೇ ಇದನ್ನು ಮನೆಯವರೊಂದಿಗೆ ಮಾತನಾಡಿದ್ದೇನೆಯೇ?

3. ನಮ್ಮ ಬೀದಿಯಲ್ಲಿ ಆಸ್ಪತ್ರೆಗೆ ಒಂಟಿಯಾಗಿ ಹೋಗಿಬರುವವರು ಯಾರು?

ಪ್ರಾರ್ಥನೆ

ಪ್ರಭು ಯೇಸುವೇ, ನಮ್ಮ ಮೂಳೆಗಳ ಒಳಗಿನ ಗುಟ್ಟನ್ನೂ ನೀವು ಬಲ್ಲಿರಿ. ನಾಳೆ ಪರೀಕ್ಷೆಯ ಮೇಜಿನ ಮೇಲೆ ಮಲಗುವವರ ಪಕ್ಕದಲ್ಲಿ ನೀವು ನಿಲ್ಲಿರಿ. ವೈದ್ಯರ ಕೈಗೆ ಸ್ಥಿರತೆಯನ್ನು, ವರದಿ ಓದುವವರ ಕಣ್ಣಿಗೆ ತೀಕ್ಷ್ಣತೆಯನ್ನು, ಕಾಯುವವರ ಮನಸ್ಸಿಗೆ ಸಮಾಧಾನವನ್ನು ಕೊಡಿರಿ. ಸತ್ಯವನ್ನು ಕೇಳುವ ಧೈರ್ಯ ರೋಗಿಗೂ, ಪ್ರೀತಿಯಿಂದ ಹೇಳುವ ಧೈರ್ಯ ನಮಗೂ ಇರಲಿ. ಮಾತೆ ಮರಿಯಮ್ಮನವರೇ, ಅಸ್ವಸ್ಥರ ಆರೋಗ್ಯವೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.